ಹಲ್ಲಿ ಊಟಕ್ಕೆ ಕೂತದ್ದು

ಅವನನ್ನು ಹೊರಗೆ ತೆಗೆಯುವುದಕ್ಕೆ ತಗಡು ಕೊಯ್ಯಬೇಕಾಯಿತು.

ದೊಡ್ಡ ಕಟ್ಟಡಗಳ ಚಾವಣಿಯಲ್ಲಿ ತಣ್ಣನೆಯ ಗಾಳಿ ಹರಿಯುವ ತಗಡಿನ ಕೊಳವೆಗಳಿರುತ್ತವೆ. ಕೆಲಸದವರ ಬಾಯಲ್ಲಿ ಅವು ಡಕ್ಟು. ವರ್ಷಗಟ್ಟಲೆ ಅವುಗಳೊಳಗೆ ಧೂಳು, ಜೇಡರಬಲೆ, ಸತ್ತ ಜಿರಲೆ, ಪಾರಿವಾಳದ ಪುಕ್ಕ ಎಲ್ಲ ಸೇರಿ ಕಂಬಳಿಯಷ್ಟು ದಪ್ಪ ಪದರ ಕಟ್ಟುತ್ತದೆ. ಅದನ್ನು ಕೆರೆದು ತೆಗೆಯಲು ಯಾರಾದರೂ ಒಳಗೆ ತೆವಳಬೇಕು. ಆ ತಂಡದಲ್ಲಿ ತೆವಳುವವನು ಅವನೇ, ಒಂಬತ್ತು ವರ್ಷಗಳಿಂದ. ಹದಿನಾರು ಇಂಚು ಅಗಲ, ಹನ್ನೆರಡು ಇಂಚು ಎತ್ತರದ ಬಾಯೊಳಗೆ ತಲೆ ತೂರಿಸಿ, ಒಂದು ಭುಜ ಮುಂದೆ ಮಾಡಿ, ಸರಕ್ಕನೆ ಅವನು ಮಾಯವಾಗುವುದನ್ನು ನೋಡಲು ಕಟ್ಟಡದ ಕಾವಲುಗಾರರೂ ಬಂದು ನಿಲ್ಲುತ್ತಿದ್ದರು. ಅದಕ್ಕೇ ಅವನಿಗೆ ಹಲ್ಲಿ ಅಂತ ಹೆಸರು ಬಿತ್ತು. ಅವನೂ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ಓಡಾಡಿದ.

ಆವತ್ತು ಸಿನಿಮಾ ಮಂದಿರವೊಂದರ ಡಕ್ಟಿನಲ್ಲಿ ಅವನು ಒಳಗೆ ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಕೆರೆಯುವ ಸದ್ದು ನಿಂತಿತು. ಕೂಗಿದರೆ ಓಗೊಡಲಿಲ್ಲ. ಕಾಲಿಗೆ ಕಟ್ಟಿದ ಹಗ್ಗ ಎಳೆದರೆ ಬರಲಿಲ್ಲ. ಪ್ರಜ್ಞೆ ತಪ್ಪುವಾಗ ಕೈ ಮಡಚಿಕೊಂಡು ಅಡ್ಡ ಸಿಕ್ಕಿಹಾಕಿಕೊಂಡಿತ್ತು. ಕೊನೆಗೆ ಮೇಸ್ತ್ರಿಯೇ ಏಣಿ ಹತ್ತಿ ತಗಡಿನ ಕತ್ತರಿಯಿಂದ ಡಕ್ಟಿನ ಹೊಟ್ಟೆ ಸೀಳಿ ಅವನನ್ನು ಕೆಳಗಿಳಿಸಿದ. ಕೆಳಗೆ ನಿಂತು ಅವನನ್ನು ಇಳಿಸಿಕೊಂಡವನು ಆಮೇಲೆ ಎಲ್ಲರ ಮುಂದೆ ಹೇಳಿದ ಮಾತು ಇಷ್ಟೇ: "ಒಗೆದು ಹಿಂಡಿದ ಬಟ್ಟೆ ಎತ್ಕೊಂಡ ಹಾಗಿತ್ತು."

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ಅವಳು ಬಸ್ ಕಂಡಕ್ಟರ್. ಪಾಳಿಯ ನಡುವೆಯೇ ಸುದ್ದಿ ಬಂದಿದ್ದರಿಂದ ಸಮವಸ್ತ್ರದಲ್ಲೇ ಓಡಿ ಬಂದಿದ್ದಳು, ಸೀಟಿ ಇನ್ನೂ ಕೊರಳಲ್ಲಿ ನೇತಾಡುತ್ತಿತ್ತು.

ಡಾಕ್ಟರು ಹಾಸಿಗೆಯ ಹತ್ತಿರ ಕುರ್ಚಿ ಎಳೆದುಕೊಂಡು ನಿಧಾನವಾಗಿ ಹೇಳಿದರು. ಹೃದಯದ ಬಡಿತ ತೀರಾ ಮಂದವಾಗಿದೆ. ರಕ್ತದ ಲವಣಗಳು ಏರುಪೇರಾಗಿವೆ. ಮೂಳೆ ಸವೆಯುತ್ತಿದೆ. ಇದು ಬರೀ ನಿಶ್ಶಕ್ತಿಯಲ್ಲ, ಊಟದ ಕಾಯಿಲೆ. ಊಟಕ್ಕೆ ಹೆದರುವ ಕಾಯಿಲೆ.

"ಅದು ಹೆಂಗಸರಿಗೆ ಬರೋದಲ್ವಾ ಡಾಕ್ಟ್ರೇ?" ಅಂದ.

"ಅದಕ್ಕೆ ಗಂಡು ಹೆಣ್ಣು ಅಂತ ಭೇದ ಇಲ್ಲ. ಗಂಡಸರು ಬಾಯಿ ಬಿಡಲ್ಲ, ಅಷ್ಟೇ ವ್ಯತ್ಯಾಸ."

ಹೆಂಡತಿ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ, "ನಂಗೆ ಎರಡು ವರ್ಷದಿಂದ ಅನುಮಾನ," ಅಂದಳು. "ಟಿಕೆಟ್ಟಿಲ್ಲದೆ ಕೂತವರ ಮುಖ ದಿನಾ ನೋಡ್ತೀನಲ್ಲ. 'ಹೊರಗೆ ತಿಂದೆ' ಅಂತ ನೀವು ಹೇಳುವಾಗ ನಿಮ್ಮ ಮುಖ ಥೇಟ್ ಹಾಗೇ ಇರ್ತಿತ್ತು ರೀ. ಕೇಳಿದ್ರೆ ಜಗಳ ಆಗುತ್ತೆ ಅಂತ ಸುಮ್ಮನಿದ್ದೆ. ಸುಮ್ಮನಿದ್ದದ್ದೇ ತಪ್ಪಾಯ್ತು."

ಅದು ಶುರುವಾದದ್ದು ಒಂದು ಚೌಕಟ್ಟಿನಿಂದ. ಡಕ್ಟಿನ ಬಾಯಿಯ ಅಳತೆಗೆ ಸರಿಯಾಗಿ ಮರದ ಪಟ್ಟಿ ಜೋಡಿಸಿದ ಅದನ್ನು ಮೇಸ್ತ್ರಿ ಇಟ್ಟುಕೊಂಡಿದ್ದ. ಹೊಸ ಕೆಲಸ ಹಿಡಿದ ಸೋಮವಾರ ತಂಡದವರೆಲ್ಲ ಸಾಲಾಗಿ ಅದರೊಳಗೆ ತೂರಿ ತೋರಿಸಬೇಕು. ಯಾರು ತೂರಿದರೋ ಅವರಿಗೆ ಒಳಗಿನ ಕೆಲಸ, ಒಳಗಿನ ಕೆಲಸದವನಿಗೆ ಒಂದು ತೂಕ ಹೆಚ್ಚು ಮರ್ಯಾದೆ. ಮೊದಲ ಸೋಮವಾರ ಅವನು ನೀರಿನ ಹಾಗೆ ತೂರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅದುವರೆಗಿನ ಬದುಕಿನಲ್ಲಿ ಯಾರೂ ಯಾವುದಕ್ಕೂ ಅವನಿಗೆ ಚಪ್ಪಾಳೆ ತಟ್ಟಿರಲಿಲ್ಲ. ಶಾಲೆಯಲ್ಲಿ ಹಿಂದಿನ ಬೆಂಚು, ಮನೆಯಲ್ಲಿ ಅಕ್ಕನ ಮಾತಿನ ಮಳೆಯ ಕೆಳಗೆ ಬಾಯಿ ಮುಚ್ಚಿಕೊಂಡು ಕೂತವನು.

ಮೊದಮೊದಲು ಭಾನುವಾರ ರಾತ್ರಿಯ ಊಟ ಮಾತ್ರ ಬಿಟ್ಟ. ಆಮೇಲೆ ಭಾನುವಾರವನ್ನೇ ಬಿಟ್ಟ. ಆಮೇಲೆ ಶನಿವಾರ. ಹೀಗೆ ಆ ಒಂದು ಸೋಮವಾರ ಇಡೀ ವಾರವನ್ನು ನುಂಗಿಹಾಕಿತು. ಕೆಲಸವಿಲ್ಲದ ತಿಂಗಳಲ್ಲೂ ಅವನು ತಿನ್ನಲಿಲ್ಲ. ಚೌಕಟ್ಟು ಮೇಸ್ತ್ರಿಯ ಗೋದಾಮಿನಲ್ಲಿತ್ತು ನಿಜ, ಆದರೆ ಅಷ್ಟು ಹೊತ್ತಿಗೆ ಅದು ಅವನ ತಲೆಯೊಳಗೂ ನಿಂತಿತ್ತು. ತಟ್ಟೆಯ ಮುಂದೆ ಕೂತಾಗಲೆಲ್ಲ ಒಳಗಿನಿಂದ ಯಾರೋ ಕೇಳುತ್ತಿದ್ದರು: ಇದನ್ನ ತಿಂದರೆ ತೂರ್ತೀಯಾ?

ಎರಡು ವಾರ ಆಸ್ಪತ್ರೆಯಲ್ಲಿಟ್ಟರು. ಅಲ್ಲಿಯೇ ಊಟದ ಮೇಡಂ ಪರಿಚಯವಾದದ್ದು. ಯಾರು ಏನು, ಎಷ್ಟು, ಯಾವಾಗ ತಿನ್ನಬೇಕೆಂದು ಬರೆದುಕೊಡುವುದು ಅವರ ಕೆಲಸ. ವಯಸ್ಸಿನಲ್ಲಿ ಅವನಿಗಿಂತ ಹತ್ತು ವರ್ಷ ಚಿಕ್ಕವರು. ದನಿ ಮೆತ್ತಗೆ, ಆದರೆ ಜಗ್ಗುವವರಲ್ಲ. ವಾರಕ್ಕೊಮ್ಮೆ ತೂಕ ನೋಡುವಾಗ ಅವನನ್ನು ಯಂತ್ರದ ಮೇಲೆ ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದರು.

"ಎಷ್ಟಾಯ್ತು ಅಂತ ಹೇಳ್ಬಾರ್ದಾ ಮೇಡಂ?"

"ಅಂಕಿ ನನ್ನ ಹತ್ರ ಇರ್ಲಿ, ಅನ್ನ ನಿಮ್ಮ ಹತ್ರ ಇರ್ಲಿ. ಹೀಗೆ ಕೆಲಸ ಹಂಚ್ಕೊಳ್ಳೋಣ."

ಮನೆಗೆ ಕಳಿಸುವಾಗ ಒಂದು ಹಾಳೆ ಕೊಟ್ಟರು. ದಿನಕ್ಕೆ ಮೂರು ಊಟ, ನಡುವೆ ಮೂರು ಸಲ ಸಣ್ಣ ತಿಂಡಿ. ಬೆಳಗ್ಗೆ ಹತ್ತೂವರೆಗೆ, ಸಂಜೆ ನಾಲ್ಕಕ್ಕೆ, ಮಲಗುವ ಮುಂಚೆ. ಹಾಲು, ಮೊಟ್ಟೆ, ಬೇಳೆ, ಬೆಣ್ಣೆ, ಕಡಲೆಬೀಜ, ಹಣ್ಣು. ಯಾವುದೂ ಗುಡ್ಡೆ ಹಾಕಿಕೊಂಡು ತಿನ್ನುವಂತಿಲ್ಲ, ಯಾವುದನ್ನೂ ಬಿಡುವಂತಿಲ್ಲ. ವರ್ಷಗಟ್ಟಲೆ ಒಣಗಿದ ದೇಹಕ್ಕೆ ಒಮ್ಮೆಲೇ ಸುರಿದರೆ ಹೃದಯ ತಡೆಯುವುದಿಲ್ಲ, ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು ಅಂದರು. ಮನೆಯಲ್ಲಿ ತೂಕದ ಯಂತ್ರ ಇರಕೂಡದು. ಡಕ್ಟಿನೊಳಗೆ ತೆವಳುವ ಮಾತೇ ಇಲ್ಲ. ಜೊತೆಗೆ ವಾರಕ್ಕೊಂದು ದಿನ ಮಾತಿನ ಡಾಕ್ಟರ ಹತ್ತಿರ ಹೋಗಿ ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡು ಬರಬೇಕು.

ಕೇಳುವುದಕ್ಕೆ ಸುಲಭವಾಗಿತ್ತು. ಮನೆಯಲ್ಲಿ ಮೊದಲ ದಿನ ಒಂದು ಬಟ್ಟಲು ಅನ್ನ, ಬೇಳೆ, ಒಂದು ಮೊಟ್ಟೆ ಮುಗಿಸಲು ಒಂದೂವರೆ ಗಂಟೆ ಹಿಡಿಯಿತು. ಎದುರಿಗೆ ಕೂತ ಹೆಂಡತಿ ತನ್ನ ತಟ್ಟೆ ಖಾಲಿ ಮಾಡಿ ಕೈ ಒಣಗಿಸಿಕೊಂಡು ಕಾಯುತ್ತಿದ್ದಳು.

"ಒಳಗಡೆ ಯಾರೋ ಬೈತಿದಾರೆ ಕಣೇ," ಅಂದ ಕೊನೆಗೆ. ಅದನ್ನು ಮೊದಲ ಬಾರಿ ಅವಳಿಗೆ ಹೇಳಿದ್ದು.

"ಏನಂತ?"

"ತಿಂದೆ ಅಂತ. ನಾಚಿಕೆ ಇಲ್ವಾ ಅಂತ."

ಅವಳು ತಟ್ಟೆಯನ್ನು ಅವನ ಹತ್ತಿರಕ್ಕೆ ಸರಿಸಿದಳು. "ಗೊತ್ತಾಯ್ತು. ನಮ್ಮ ಬಸ್ಸಿಗೂ ಒಬ್ಬ ಹತ್ತುತ್ತಾನೆ, ಚೆಕಿಂಗ್‌ನವನು. ಎಲ್ಲಾ ಸರಿ ಇದ್ರೂ ಹುಬ್ಬು ಗಂಟು ಹಾಕ್ಕೊಂಡೇ ನೋಡ್ತಾನೆ. ಅವನು ಹತ್ತಿದ ಅಂತ ನಾನು ಬಸ್ ನಿಲ್ಲಿಸ್ತೀನಾ? ಅವನ ಪಾಡಿಗೆ ಅವನು ನೋಡ್ಲಿ, ನೀವು ಇನ್ನೊಂದು ತುತ್ತು ತಿನ್ನಿ."

ಅಲ್ಲಿಂದ ಅದು ಮನೆಯ ಮಾತಾಯಿತು. ತಟ್ಟೆಯ ಮುಂದೆ ಅವನ ಕೈ ನಿಂತರೆ ಅವಳು, "ಚೆಕಿಂಗ್‌ನವನು ಹತ್ತಿದನಾ?" ಅನ್ನುವಳು. ಇವನು ತಲೆಯಾಡಿಸುವನು. "ಹಿಂದಿನ ಬಾಗಿಲಿಂದ ಇಳಿಸಿ," ಅನ್ನುವಳು. ಕೆಲವು ದಿನ ಆ ಚೆಕಿಂಗ್‌ನವನು ಇಳಿಯುತ್ತಿದ್ದ. ಕೆಲವು ದಿನ ಕೊನೆಯ ನಿಲ್ದಾಣದವರೆಗೂ ಕೂತೇ ಬರುತ್ತಿದ್ದ. ಆದರೂ ತಟ್ಟೆ ಖಾಲಿಯಾಗುತ್ತಿತ್ತು.

ಎರಡನೇ ತಿಂಗಳಲ್ಲಿ ಅಕ್ಕ ಬಂದಳು. ಅಕ್ಕನಿಗೆ ಪ್ರೀತಿ ಹೆಚ್ಚು, ಬಾಯಿಗೆ ಬ್ರೇಕಿಲ್ಲ. ಬರುವಾಗ ಕಂಕುಳಲ್ಲಿ ಹಾಲಿಗೆ ಬೆರೆಸುವ ಪುಡಿಯ ಒಂದು ದೊಡ್ಡ ಡಬ್ಬ ಅವುಚಿಕೊಂಡು ತಂದಿದ್ದಳು. ಡಬ್ಬದ ಮೇಲೆ ತೋಳು ಉಬ್ಬಿಸಿ ಹಲ್ಲು ಕಿರಿದ ಒಬ್ಬ ದಾಂಡಿಗ.

"ದಿನಾ ಮೂರು ಲೋಟ ಕುಡಿ ಕಣೋ. ಒಂದೇ ತಿಂಗಳಲ್ಲಿ ಆನೆ ಆಗ್ತೀಯ ಅಂತ ಅಂಗಡಿಯವನು ಆಣೆ ಮಾಡಿ ಹೇಳಿದಾನೆ. ಆ ಮೇಡಂ ಆಮೆ ಥರ ನಡೆಸ್ತಿದಾಳಲ್ಲ, ಇದು ಕುದುರೆ!"

ಮರುವಾರ ಅವನು ಡಬ್ಬವನ್ನು ಊಟದ ಮೇಡಂ ಮುಂದಿಟ್ಟ. ಅವರು ಕನ್ನಡಕ ಏರಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನೆಲ್ಲ ಓದಿದರು.

"ಸಕ್ಕರೆ, ಬಣ್ಣ, ವಾಸನೆ. ಮಿಕ್ಕಿದ್ದು ಡಬ್ಬ. ನಮಗೆ ಬೇಕಾಗಿರೋದು ಬರೀ ತೂಕ ಅಲ್ಲ. ಮೂಳೆ, ಸ್ನಾಯು, ರಕ್ತ. ಅವು ಅವಸರಕ್ಕೆ ಬರಲ್ಲ. ಡಬ್ಬ ಮಾತ್ರ ಗಟ್ಟಿ ಇದೆ, ಮೊಳೆ ಹಾಕಿಟ್ಕೊಳ್ಳಿ."

ಅವನು ನಿಜಕ್ಕೂ ಪುಡಿ ಚೆಲ್ಲಿ ಮೊಳೆ ಹಾಕಿಟ್ಟುಕೊಂಡ. ಅಕ್ಕ ಒಂದು ತಿಂಗಳು ಮಾತು ಬಿಟ್ಟಳು. ಮನೆ ತಣ್ಣಗಿತ್ತು.

ಮೈ ತುಂಬುವುದು ಅವನು ಅಂದುಕೊಂಡ ಹಾಗೆ ಆಗಲಿಲ್ಲ. ತೋಳು ಕಡ್ಡಿಯಾಗಿಯೇ ಉಳಿದು, ಮೊದಲು ಹೊಟ್ಟೆ ಮುಂದೆ ಬಂತು. ಕೆನ್ನೆ ಊದಿತು. ಸಂಜೆಯಾದರೆ ಪಾದ ಬಾತು ಚಪ್ಪಲಿಯ ಪಟ್ಟಿಯ ಗುರುತು ಮೂಡುತ್ತಿತ್ತು. ಹಳೆಯ ಪ್ಯಾಂಟಿನ ಗುಂಡಿ ಹಾಕಲು ಹೋಗಿ, ಆಗದೆ, ಒಂದು ಬೆಳಗ್ಗೆ ಮಂಚದ ಅಂಚಿನಲ್ಲಿ ಅರ್ಧ ಗಂಟೆ ಕೂತುಬಿಟ್ಟ.

"ದೇಹ ನಿಮ್ಮನ್ನ ಇನ್ನೂ ನಂಬಿಲ್ಲ," ಅಂದರು ಮೇಡಂ. "ಕಳ್ಳ ಮತ್ತೆ ಬರ್ತಾನೇನೋ ಅಂತ ಎಲ್ಲಾನೂ ಹೊಟ್ಟೆ ಹತ್ರ ಗಂಟು ಕಟ್ಟಿ ಇಟ್ಕೊಳ್ತಿದೆ. ತಿಂಗಳುಗಟ್ಟಲೆ ತಪ್ಪದೆ ಕೊಟ್ರೆ ನಂಬುತ್ತೆ. ಆಮೇಲೆ ತಾನೇ ಕೈಗೆ, ಕಾಲಿಗೆ, ಬೆನ್ನಿಗೆ ಹಂಚುತ್ತೆ."

ಮನೆಗೆ ಬಂದರೆ ಆ ಪ್ಯಾಂಟು ಕಾಣಲಿಲ್ಲ. ಹೆಂಡತಿ ಅದನ್ನು ನಾಲ್ಕು ತುಂಡು ಮಾಡಿ ನೆಲ ಒರೆಸುತ್ತಿದ್ದಳು. "ಒಳ್ಳೇ ಬಟ್ಟೆ ರೀ, ನೀರು ಚೆನ್ನಾಗಿ ಹೀರುತ್ತೆ," ಅಂದಳು, ತಲೆ ಎತ್ತದೆ.

ಇನ್ನೊಂದು ಬದಲಾವಣೆಯ ಬಗ್ಗೆ ಯಾರೂ ಅವನಿಗೆ ಮುಂಚೆ ಹೇಳಿರಲಿಲ್ಲ. ಅವನಿಗೆ ಸಿಟ್ಟು ಬರತೊಡಗಿತು.

ಒಂಬತ್ತು ವರ್ಷ ಅವನಿಗೆ ಸಿಟ್ಟೇ ಬಂದಿರಲಿಲ್ಲ. ಬರುವುದಕ್ಕೆ ಮೈಯಲ್ಲಿ ಸೌದೆಯೇ ಇರಲಿಲ್ಲ. ಯಾರು ಏನೆಂದರೂ "ಸರಿ," "ಆಯ್ತು," "ಹಾಗೇ ಆಗ್ಲಿ." ಈಗ ಅಂಗೈ ಬೆಚ್ಚಗಾಗಿತ್ತು, ಉಗುರಿಗೆ ಕೆಂಪು ಬಂದಿತ್ತು, ಜೊತೆಗೆ ಇದೂ ಬಂತು. ಬಾಗಿಲಿಗೆ ಅಡ್ಡ ಗಾಡಿ ನಿಲ್ಲಿಸುವ ಪಕ್ಕದ ಮನೆಯವನಿಗೆ ಒಂದು ಸಂಜೆ ಎಂಥ ದನಿಯಲ್ಲಿ ಗದರಿಸಿದನೆಂದರೆ, ಒಳಗಿದ್ದ ಹೆಂಡತಿ ಪಾತ್ರೆ ಬಿಟ್ಟು ಓಡಿ ಬಂದಳು. ಗಂಡ ನಡುಗುತ್ತ ನಿಂತಿದ್ದಾನೆ, ಕಿವಿ ಕೆಂಪಾಗಿದೆ, ಪಕ್ಕದ ಮನೆಯವನು ಬಾಯಿ ಮುಚ್ಚಿಕೊಂಡು ಗಾಡಿ ತಳ್ಳುತ್ತಿದ್ದಾನೆ. ಅವಳಿಗೆ ನಗು ತಡೆಯಲಾಗಲಿಲ್ಲ.

"ಇಷ್ಟು ವರ್ಷ ಈ ಮನುಷ್ಯನ್ನ ಎಲ್ಲಿ ಬಚ್ಚಿಟ್ಟಿದ್ರಿ ರೀ?"

ಮೇಡಂ ಅದನ್ನು ಕಡತದಲ್ಲೇ ಬರೆದುಕೊಂಡರು. "ಸಿಟ್ಟು ಬಂತಾ? ಒಳ್ಳೇ ಲಕ್ಷಣ. ಕೆಲಸಕ್ಕೆ ಬರುತ್ತೆ, ಇಟ್ಕೊಂಡಿರಿ."

ಬೇಗನೆ ಕೆಲಸಕ್ಕೆ ಬಂತು. ಮುನಿಸು ಮುಗಿಸಿ ಬಂದ ಅಕ್ಕ ಹೊಸ್ತಿಲಲ್ಲೇ ನಿಂತು, "ಅಯ್ಯೋ, ಮೈ ಕೈ ತುಂಬ್ಕೊಂಡಿದೀಯಲ್ಲೋ! ಹೊಟ್ಟೆ ನೋಡು ಹೊಟ್ಟೆ!" ಅಂದು ಬೆರಳಿಂದ ತಿವಿದಳು. ಸಂತೋಷಕ್ಕೇ ಅಂದದ್ದು. ಅವನಿಗೆ ಚಾಕು ಹಾಕಿದ ಹಾಗಾಯಿತು. ಚೆಕಿಂಗ್‌ನವನು ಒಬ್ಬನಲ್ಲ, ದಂಡು ಕಟ್ಟಿಕೊಂಡು ಹತ್ತಿದ. ನಾಲ್ಕು ಗಂಟೆಯ ಹಾಲು, ಬ್ರೆಡ್ಡು ಮೇಜಿನ ಮೇಲಿತ್ತು. ಅವನು ಅದನ್ನೇ ಬಹಳ ಹೊತ್ತು ದಿಟ್ಟಿಸಿದ. ಆಮೇಲೆ ಅಕ್ಕನ ಮುಖ ನೋಡಿಕೊಂಡು, ಒಂದೊಂದು ತುಂಡನ್ನೂ ಕಚ್ಚಿ ಕಚ್ಚಿ ತಿಂದ.

"ಇನ್ಮೇಲೆ ನನ್ನ ಮೈ ಬಗ್ಗೆ ಮಾತಾಡ್ಬೇಡ ಅಕ್ಕಾ. ದಪ್ಪ ಅಂತಾನೂ ಬೇಡ, ಸಣ್ಣ ಅಂತಾನೂ ಬೇಡ. ಚೆನ್ನಾಗಿದೀಯ ಅಂತಾನೂ ಬೇಡ."

"ಮತ್ತೇನು ಮಾತಾಡ್ಲಿ?"

"ಹವೆ ಬಗ್ಗೆ ಮಾತಾಡು."

ಅಕ್ಕ ಕಕ್ಕಾಬಿಕ್ಕಿಯಾಗಿ ಕಿಟಕಿಯ ಕಡೆ ನೋಡಿದಳು. "ಸೆಕೆ ಜಾಸ್ತಿ," ಅಂದಳು.

ಐದನೇ ತಿಂಗಳ ಕೊನೆಗೆ ಮೇಸ್ತ್ರಿ ಮನೆಗೆ ಬಂದ. ನಗರದ ದೊಡ್ಡ ಗ್ರಂಥಾಲಯದ ಕೆಲಸ ಸಿಕ್ಕಿದೆಯಂತೆ. ಹಳೆಯ ಕಟ್ಟಡ, ಪುಸ್ತಕಗಳ ಮೇಲೆ ದಿನಾ ಧೂಳು ಸುರಿಯುತ್ತಿದೆ, ಒಳಗಿನ ಕವಲುಗಳು ತೀರಾ ಕಿರಿದು.

"ಮೂರು ವಾರ ಕಣೋ ಹಲ್ಲಿ. ಸ್ವಲ್ಪ ಇಳಿಸ್ಕೋ, ಮೊದಲಿನ ಹಾಗೆ. ಕೆಲಸ ಮುಗಿದ ಮೇಲೆ ಎಷ್ಟು ಬೇಕಾದ್ರೂ ತಿನ್ನು, ನಾನೇ ಕೊಡಿಸ್ತೀನಿ. ನೀನಿಲ್ದೆ ಆಗಲ್ಲ."

ನೀನಿಲ್ಲದೆ ಆಗಲ್ಲ. ಆ ಮಾತು ಹಳೆಯ ಚಪ್ಪಾಳೆಯ ಹಾಗೆ ಕಿವಿಗೆ ಬಿತ್ತು. "ಸರಿ ಮೇಸ್ತ್ರಿ," ಅಂದುಬಿಟ್ಟ. ಬಾಯಿಗೆ ರೂಢಿಯಾದ ಮಾತು, ತಲೆಯ ಅಪ್ಪಣೆಗೆ ಕಾಯಲಿಲ್ಲ.

ಮೂರು ದಿನ ಅವನು ಹತ್ತೂವರೆಯ ತಿಂಡಿಯನ್ನೂ ನಾಲ್ಕರದ್ದನ್ನೂ ಬಿಟ್ಟ. ಬಿಡುವುದು ಎಷ್ಟು ಹಗುರಾಗಿತ್ತು ಅನ್ನುವುದೇ ಅವನನ್ನು ಹೆದರಿಸಿತು. ಐದು ತಿಂಗಳು ಹಲ್ಲು ಕಚ್ಚಿ ಹತ್ತಿದ ಗುಡ್ಡ, ಇಳಿಯಲು ಮೂರೇ ದಿನ ಸಾಕಾಗಿತ್ತು. ಮೂರನೆಯ ಸಂಜೆ ಹೆಂಡತಿ ಪಾಳಿ ಮುಗಿಸಿ ಬಂದವಳು ಮೇಜಿನ ಮೇಲಿನ ಬಾಳೆಹಣ್ಣು ಎಣಿಸಿದಳು. ಬೆಳಗ್ಗೆ ಇದ್ದಷ್ಟೇ ಇದ್ದವು. ಕೂಗಾಡಲಿಲ್ಲ. ಸಮವಸ್ತ್ರವನ್ನೂ ಬಿಚ್ಚದೆ ಎದುರು ಬಂದು ಕೂತಳು.

"ಈ ಸಲ ಚೆಕಿಂಗ್‌ನವನು ಮೇಸ್ತ್ರಿ ವೇಷ ಹಾಕ್ಕೊಂಡು ಹತ್ತಿದಾನೆ. ನೀವು ಗುರುತು ಹಿಡೀಲಿಲ್ಲ, ಅಷ್ಟೇ."

"ಕೆಲಸ ಬೇಡ್ವೇನೇ?"

"ಬೇಕು. ನೀವೂ ಬೇಕು. ತಗಡು ಕೊಯ್ದು ನಿಮ್ಮನ್ನ ತೆಗೆದ ದಿನ ನಾನು ಅಲ್ಲಿರ್ಲಿಲ್ಲ, ಬಸ್ಸಲ್ಲಿದ್ದೆ. ಫೋನ್ ಬಂದಾಗ ಮೂವತ್ತು ಜನಕ್ಕೆ ಟಿಕೆಟ್ ಕೊಡೋದು ಬಾಕಿ ಇತ್ತು. ಕೊಟ್ಟೆ. ಮೂವತ್ತು ಜನಕ್ಕೂ ಕೊಟ್ಟು ಆಮೇಲೆ ಇಳಿದೆ. ಇನ್ನೊಂದು ಸಲ ನನ್ನ ಕೈಯಲ್ಲಿ ಆಗಲ್ಲ."

ಅವನು ಒಂದು ಹಣ್ಣು ಸುಲಿದ. ನುಂಗುವಾಗ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಎರಡನೆಯದನ್ನೂ ಸುಲಿದ.

ಮರುದಿನ ಮೇಡಂಗೆ ಎಲ್ಲ ಒಪ್ಪಿಕೊಂಡ. ಅವರು ಬೈಯಲಿಲ್ಲ. ಹಗುರವಾದ ಕೆಲಸವಾದರೆ ಅರ್ಧ ದಿನ ಹೋಗಬಹುದು, ಡಕ್ಟಿನ ಹೊರಗೆ ಮಾತ್ರ, ತಿಂಡಿಯ ಡಬ್ಬಿ ಕೈಯಲ್ಲಿರಬೇಕು ಅಂದರು. ಸೋಮವಾರ ಅವನು ಡಬ್ಬಿ ಹಿಡಿದುಕೊಂಡು ಗ್ರಂಥಾಲಯಕ್ಕೆ ಹೋದ. ಒಳಗೆ ಹೋಗುವುದಿಲ್ಲ ಎಂದು ಮೇಸ್ತ್ರಿಗೆ ಹೇಗೆ ಹೇಳುವುದು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ.

ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ತಂಡ ಸೇರಿತ್ತು. ಚೌಕಟ್ಟು ಗೋಡೆಗೆ ಒರಗಿ ನಿಂತಿತ್ತು. ಅದರೊಳಗೆ ಒಬ್ಬ ಹೊಸಬ ಸಿಕ್ಕಿಕೊಂಡಿದ್ದ. ಮೂವತ್ತರ ಆಸುಪಾಸು, ಎರಡು ಮಕ್ಕಳ ತಂದೆ, ಮುಂಚೆ ಮೂಟೆ ಹೊರುತ್ತಿದ್ದವನಂತೆ. ತಲೆ, ತೋಳು ಆಚೆ ಹೋಗಿದ್ದವು, ಪಕ್ಕೆಯ ಹತ್ತಿರ ನಿಂತುಬಿಟ್ಟಿದ್ದ. ಉಸಿರು ಬಿಟ್ಟು ಎಳೆದುಕೊಳ್ಳುತ್ತಿದ್ದ, ಮುಖ ಕೆಂಪೇರಿತ್ತು. ಇಬ್ಬರು ಅವನನ್ನು ಹಿಂದಕ್ಕೆಳೆದರು.

"ಇನ್ನೊಂದು ಇಂಚು," ಅಂದ ಮೇಸ್ತ್ರಿ. "ಇವತ್ತು, ನಾಳೆ ಬರೀ ನೀರು. ಬುಧವಾರ ತೂರ್ತೀಯ. ಇಗೋ, ನಮ್ಮ ಹಲ್ಲಿ ಬಂದ. ಒಂಬತ್ತು ವರ್ಷದ ಪಳಗಿದ ಕೈ. ಹೇಗೆ ಅಂತ ಅವನನ್ನೇ ಕೇಳು, ಹೇಳಿಕೊಡ್ತಾನೆ."

ಹೊಸಬ ಪಕ್ಕೆ ಉಜ್ಜಿಕೊಳ್ಳುತ್ತ ಇವನ ಕಡೆ ತಿರುಗಿದ. "ಹೇಗಣ್ಣಾ?" ಅಂದ, ತುಂಬ ಮರ್ಯಾದೆಯಿಂದ.

ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. ಅಂಗಾಲಿನಿಂದ ಏನೋ ಬಿಸಿ ಎದ್ದು ನೆತ್ತಿಗೆ ಬಂತು. ಈ ಮನುಷ್ಯನ ಕಣ್ಣಲ್ಲಿ ಅವನಿಗೆ ತಾನೇ ಕಂಡ; ಒಂಬತ್ತು ವರ್ಷ ಹಿಂದಿನವನು, ಒಂದು ಚಪ್ಪಾಳೆಗೆ ಜೀವ ಕೊಡಲು ಸಿದ್ಧನಾದವನು.

"ಹೇಳಿಕೊಡ್ತೀನಿ," ಅಂದ. "ಬಾ, ಏಣಿ ಹಿಡ್ಕೋ."

ಗೋಡೆಗುಂಟ ಓಡಿದ ಡಕ್ಟಿನಲ್ಲಿ ಕವಲೊಡೆಯುವ ಜಾಗವನ್ನು ಬೆರಳಿಂದ ತಟ್ಟಿ ನೋಡಿದ. ಸದ್ದು ದಪ್ಪಗೆ ಬಂದ ಕಡೆ ಕಸ ಕಟ್ಟಿದೆ ಅಂತ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದ. ಮೂಲೆಯಲ್ಲಿ ತೂತು ಕೊರೆದು, ಕತ್ತರಿಯ ಮೂತಿ ತೂರಿಸಿ, ಕರಕರ ಅಂತ ಮೂರು ಬದಿ ಕೊಯ್ದ. ತಗಡನ್ನು ಬಾಗಿಲಿನ ಹಾಗೆ ಹೊರಗೆ ಮಡಚಿದ. ಬೊಗಸೆಯಷ್ಟು ಧೂಳು ಅವನ ತಲೆಯ ಮೇಲೆ ಬಿತ್ತು.

"ಲೋ! ಯಾರಪ್ಪನ ಡಕ್ಟು ಅಂತ ಕೊಯ್ತಿದೀಯ?" ಮೇಸ್ತ್ರಿ ಏಣಿಯ ಬುಡಕ್ಕೆ ಓಡಿ ಬಂದ.

"ಪ್ರತಿ ಕವಲಿಗೊಂದು ಹೀಗೆ ಬಾಗಿಲು ಮಾಡಿದ್ರೆ ಯಾರೂ ಒಳಗೆ ಹೋಗೋದೇ ಬೇಡ ಮೇಸ್ತ್ರಿ. ಉದ್ದ ಕೋಲಿಗೆ ಕುಂಚ ಕಟ್ಟಿ ಹೊರಗಿಂದಾನೇ ಕೆರೀಬಹುದು."

"ಅದಕ್ಕೆ ಎಷ್ಟು ದಿನ ಹಿಡಿಯುತ್ತೆ ಗೊತ್ತಾ? ಒಬ್ಬ ತೂರಿದ್ರೆ ಒಂದು ಗಂಟೆ ಕೆಲಸ!"

"ನನ್ನನ್ನ ತೆಗೆಯೋಕೆ ಆವತ್ತು ಕೊಯ್ದ್ರಲ್ಲ, ಅದಕ್ಕೆ ಐದು ನಿಮಿಷ ಹಿಡೀತು. ತಗಡು ಕೊಯ್ದ್ರೆ ತೇಪೆ ಹಾಕಬಹುದು. ನನಗೆ ತೇಪೆ ಹಾಕೋಕೆ ಐದು ತಿಂಗಳಾಯ್ತು, ಇನ್ನೂ ಮುಗಿದಿಲ್ಲ. ಇವನಿಗೆ ಎರಡು ಮಕ್ಕಳಿದಾವೆ. ಇವನನ್ನ ಯಾಕೆ ಕೊಯ್ತೀರಿ?"

ಮೇಸ್ತ್ರಿಗೆ ನಾಲ್ಕು ಜನರ ಮುಂದೆ ಇಂಥ ಮಾತು ಕೇಳಿ ರೂಢಿಯಿರಲಿಲ್ಲ, ಅದೂ ಈ ಬಾಯಿಂದ.

"ಏನೋ, ಹೊಟ್ಟೆ ಬಂದ ಮೇಲೆ ಬಾಯಿ ಬಂತಾ?"

"ಹಲ್ಲಿಗೆ ಹಲ್ಲು ಬಂದಿದೆ ಮೇಸ್ತ್ರಿ," ಅಂದ ಅವನು. ಯಾರೋ ಒಬ್ಬ ಕಿಸಕ್ಕನೆ ನಕ್ಕು ಕೆಮ್ಮಿದ ಹಾಗೆ ಮಾಡಿದ.

"ಇಳಿ ಕೆಳಗೆ. ನಾಳೆಯಿಂದ ಬರೋದು ಬೇಡ."

ಅವನು ಇಳಿದ. ಗೋಡೆಯ ಗಡಿಯಾರದಲ್ಲಿ ಹತ್ತೂವರೆ. ಕೈ ತೊಳೆದು ಬಂದು, ಮೇಸ್ತ್ರಿಯ ಸಾಮಾನಿನ ಪೆಟ್ಟಿಗೆಯ ಮೇಲೆಯೇ ಕೂತು, ಡಬ್ಬಿ ಬಿಚ್ಚಿದ. ಬೆಣ್ಣೆ ಸವರಿದ ಎರಡು ಬ್ರೆಡ್ಡು, ಬೇಯಿಸಿದ ಎರಡು ಮೊಟ್ಟೆ, ಒಂದು ಹಿಡಿ ಕಡಲೆಬೀಜ. ಆರು ಜನ ನಿಂತು ನೋಡುತ್ತಿದ್ದರು. ಜನರ ಕಣ್ಣೆದುರು ತಿಂದು ಎಷ್ಟು ವರ್ಷವಾಗಿತ್ತೋ. ಒಳಗಿನವನು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದ. ಕೇಳಿಸಿಕೊಳ್ಳುತ್ತಲೇ ಅಗಿದ. ಅವಸರ ಮಾಡಲಿಲ್ಲ. ಎರಡನೆಯ ಮೊಟ್ಟೆಯನ್ನು ಹೊಸಬನ ಕಡೆ ಚಾಚಿದ.

"ನೀನು ಕೇಳಿದ್ಯಲ್ಲ ಹೇಗೆ ಅಂತ. ಹೀಗೆ."

ಹೊಸಬ ಮೇಸ್ತ್ರಿಯನ್ನು ನೋಡಿದ, ಮೊಟ್ಟೆಯನ್ನು ನೋಡಿದ. ಮೇಸ್ತ್ರಿಗೆ ಬೆನ್ನು ತಿರುಗಿಸಿ ಒಂದೇ ಬಾಯಿಗೆ ಹಾಕಿಕೊಂಡ.

ಹೆಂಡತಿಗೆ ಹೇಳುವಾಗ ಮಾತ್ರ ಅವನ ದನಿ ಇಳಿದಿತ್ತು. "ಕೆಲಸ ಹೋಯ್ತು ಕಣೇ."

"ಡಬ್ಬಿ?"

"ಖಾಲಿ. ಒಂದು ಮೊಟ್ಟೆ ದಾನ ಮಾಡಿದೆ."

"ಆ ಒಂದು ಮೊಟ್ಟೆ ಈಗ ಇಲ್ಲಿ ತಿನ್ನಿ. ಆಮೇಲೆ ರೈಟ್ ರೈಟ್, ಮುಂದೆ ಹೋಗೋಣ," ಅಂದು ಒಲೆಯ ಮೇಲೆ ನೀರಿಟ್ಟಳು.

ಮುಂದಿನ ದಿನಗಳು ಸುಖದವಲ್ಲ. ಕೆಲಸವಿಲ್ಲದ ಕೈ, ಕನ್ನಡಿಯಲ್ಲಿ ಊದಿದ ಕೆನ್ನೆ. ತೂರಲೂ ಆಗದವನು, ದುಡಿಯಲೂ ಆಗದವನು ಎಂದು ಒಳಗಿನವನು ಹಗಲೆಲ್ಲ ಚುಚ್ಚಿದ. ಅವನು ಅಳುತ್ತ ತಿಂದ, ಬೈಯುತ್ತ ತಿಂದ, ಒಂದು ಮಧ್ಯಾಹ್ನವಂತೂ ತಟ್ಟೆಗೆ "ನಿನ್ನಪ್ಪನಾಣೆ ಬಿಡಲ್ಲ" ಅಂದು ತಿಂದ. ಆದರೆ ಆರರಲ್ಲಿ ಒಂದು ಹೊತ್ತನ್ನೂ ಬಿಡಲಿಲ್ಲ.

ಐದನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಬಾಗಿಲಲ್ಲಿ ಮೇಸ್ತ್ರಿ. ಬಂದವನು ಕ್ಷಮೆ ಕೇಳಲಿಲ್ಲ. ಚಪ್ಪಲಿ ಬಿಡದೆ ಹೊಸ್ತಿಲ ಮೇಲೆ ನಿಂತು, "ಕೀಲು ಯಾವ ಕಡೆ ಬರ್ಬೇಕೋ?" ಅಂದ.

"ಯಾವ ಕೀಲು?"

"ಅದೇ, ನಿನ್ನ ಬಾಗಿಲಿಗೆ. ಆ ಹೊಸಬ ಏಣಿ ಹಿಡೀತೀನಿ, ಉಪವಾಸ ಮಾತ್ರ ಇರಲ್ಲ ಅಂತ ಕೂತ. ಮಿಕ್ಕವರು ಯಾರೂ ತೂರಲ್ಲ. ನಾನೇ ಎರಡು ಕಡೆ ಕೊಯ್ದು ಬಾಗಿಲು ಕೂರಿಸಿದೆ. ಗಾಳಿ ಬಿಟ್ಟ ಕೂಡ್ಲೇ ದಡಾರ್ ಅಂತ ತೆರ್ಕೊಂಡು ಧೂಳೆಲ್ಲ ಗ್ರಂಥಪಾಲಕರ ತಲೆ ಮೇಲೆ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಇವನು ನಗಲಿಲ್ಲ.

"ಗಾಳಿ ಬರೋ ಕಡೆಗೆ ಕೀಲು, ಅಂಚಿಗೆ ರಬ್ಬರ್ ಪಟ್ಟಿ. ಬರ್ತೀನಿ. ಆದ್ರೆ ಎರಡು ಮಾತು. ಹತ್ತೂವರೆಗೆ ಎಲ್ಲರೂ ಕೂತು ತಿನ್ಬೇಕು, ನೀವೂ. ಮತ್ತೆ ಆ ಚೌಕಟ್ಟು ಮುರೀಬೇಕು."

ಮೇಸ್ತ್ರಿ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೊರಗಿ ಕೂತ. "ಆ ಚೌಕಟ್ಟು ನಾನು ಮಾಡಿಸಿದ್ದಲ್ಲ ಕಣೋ. ನನ್ನ ಮೇಸ್ತ್ರಿದು. ನಾನೂ ಅದ್ರಲ್ಲಿ ಏಳು ವರ್ಷ ತೂರಿದವನೇ. ಈಗ ಏನು ತಿಂದ್ರೂ ಎದೆ ಉರಿ." ಎದೆ ಉಜ್ಜಿಕೊಂಡು, "ಹಾಗೇ ಮಾಡ್ಬೇಕು ಅಂದ್ಕೊಂಡಿದ್ದೆ. ಬೇರೆ ಥರ ಇದೆ ಅಂತ ಯಾರೂ ಹೇಳ್ಲೇ ಇಲ್ಲ," ಅಂದ.

"ನಾನು ಹೇಳಿದೆ. ಕೆಲಸದಿಂದ ತೆಗೆದ್ರಿ."

"ತೆಗೆದೆ. ಗೊತ್ತು." ಅಷ್ಟೇ ಅಂದ.

ಹೆಂಡತಿ ಕೇಳದೆಯೇ ಅವನ ಮುಂದೆ ಒಂದು ತಟ್ಟೆ ತಂದಿಟ್ಟಳು.

ಗ್ರಂಥಾಲಯದ ಕೆಲಸಕ್ಕೆ ಮೂರು ವಾರದ ಬದಲು ಏಳು ವಾರ ಹಿಡಿಯಿತು. ಮೇಸ್ತ್ರಿ ಮೊದಲ ದಿನವೇ ಚೌಕಟ್ಟು ಮುರಿದ, ಆಮೇಲೆ ದಿನಕ್ಕೆರಡು ಸಲ ಗೊಣಗಿದ, ಹತ್ತೂವರೆಗೆ ಮಾತ್ರ ಎಲ್ಲರಿಗಿಂತ ಮೊದಲು ಕೂತ. ಬಾಗಿಲುಗಳನ್ನು ಗುರುತು ಮಾಡಿ ಕೊಯ್ಯುವುದು ಇವನ ಕೆಲಸವಾಯಿತು. ಏಣಿಯ ಮೇಲೆ ನಿಂತು ತಲೆ, ಭುಜ ಅಷ್ಟೇ ಒಳಗೆ ಹಾಕಿ ಕೋಲು ಆಡಿಸುವುದು. ಮೇಡಂ ಒಂದೊಂದೇ ಮೆಟ್ಟಿಲು ಏರಿಸುತ್ತ ಪೂರ್ತಿ ದಿನದ ಕೆಲಸಕ್ಕೆ ಒಪ್ಪಿದ್ದರು. ತೋಳಿಗೆ ಸ್ವಲ್ಪ ಮಾಂಸ ಬಂದಿತ್ತು.

ಕೊನೆಯ ವಾರದಲ್ಲಿ ಒಂದು ದಿನ ಮಧ್ಯಾಹ್ನಕ್ಕೆ ಮುಂಚೆ ಅವನು ಹೀಗೆ ಡಕ್ಟಿನಲ್ಲಿ ತಲೆ ಹಾಕಿಕೊಂಡಿದ್ದಾಗ, ಗುರ್ರ್ ಅಂತ ಒಂದು ಸದ್ದಾಯಿತು. ತಗಡಿನೊಳಗೆ ಅದು ಹತ್ತು ಪಟ್ಟಾಗಿ ಓಡಿತು. ಆಚೆ ತುದಿಯ ಕೋಣೆಯಿಂದ ಹೊಸಬ ಗಾಬರಿಯಾಗಿ ಕೂಗಿದ: "ಅಣ್ಣಾ, ಯಾರೋ ಮೆಷಿನ್ ಶುರು ಮಾಡಿದ್ರು! ತಲೆ ಹೊರಗೆ ತೆಗಿ!"

ಅವನು ತಲೆ ಹೊರಗೆ ತೆಗೆದ. ಯಾವ ಮೆಷಿನ್ನೂ ಇರಲಿಲ್ಲ. ಇನ್ನೊಮ್ಮೆ ಗುರ್ರ್ ಅಂದಿತು. ಅವನು ಏಣಿಯ ಮೇಲೆಯೇ ನಿಂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮರೆತೇಹೋಗಿದ್ದ ಯಾರೋ ಬೀದಿಯಲ್ಲಿ ಎದುರಾಗಿ ಹೆಸರು ಹಿಡಿದು ಕರೆದ ಹಾಗೆ, ಬೆಪ್ಪಾಗಿ ನಿಂತ.

"ಏನಾಯ್ತಣ್ಣಾ?"

"ಹಸಿವು ಕಣೋ," ಅಂದ. "ನಂಗೆ ಹಸಿವಾಗ್ತಿದೆ."

ಊಟಕ್ಕೆ ಇನ್ನೂ ಒಂದು ಗಂಟೆಯಿತ್ತು. ಅವನು ಕೋಲು ಗೋಡೆಗೆ ಒರಗಿಸಿ, ಏಣಿಯಿಳಿದು, ತಲೆ ತುಂಬ ಧೂಳು ಹೊತ್ತುಕೊಂಡೇ ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದ. ಅಂಗಡಿಯವಳು ಮೂಗಿಗೆ ಕೈ ಅಡ್ಡ ಹಿಡಿದು, ದೂರ ನಿಲ್ಲಿ ಅಂದು, ಏನು ಬೇಕೆಂದು ಕೇಳಿದಳು.

"ತಿನ್ನೋಕೆ ಏನಿದೆ?"

"ಬಿಸಿ ಬನ್ನಿದೆ. ಕೇಕಿದೆ."

ಅವನು ಗಾಜಿನ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದ. ಬನ್ನಿನ ಮೇಲೆ ಬೆಣ್ಣೆ ಕರಗುತ್ತಿತ್ತು. ಕೇಕಿನ ಅಂಚು ಕಂದು ಬಣ್ಣಕ್ಕೆ ಬೆಂದಿತ್ತು. ಯಾವುದು ಅಂತ ತೀರ್ಮಾನಿಸಲು ಆಗಲೇ ಇಲ್ಲ.

"ಎರಡೂ ಕೊಡಿ," ಅಂದ.